ಎರಡು ಪಾಳೆಯ, ಒಂದೇ ವಾದ್ಯಮೇಳ

1956ನೇ ಇಸವಿ ಹುಮನಾಬಾದ್, ಬಸವಕಲ್ಯಾಣಗಳ ಜನರಿಗೆ ರಾಜ್ಯ ಬದಲಾದ ವರ್ಷ. ಆ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ನಕಾಶೆಯಿಂದ ಅಳಿಸಿಹೋಯಿತು. ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರಗಳು ಆಗಿನ ಮುಂಬಯಿ ರಾಜ್ಯಕ್ಕೆ ಹೋದವು. ಜಹೀರಾಬಾದ್ ಕಡೆಯ ಊರುಗಳು ಆಂಧ್ರದ ಪಾಲಾದವು. ಬೀದರ, ಭಾಲ್ಕಿ, ಹುಮನಾಬಾದ್ ಸೀಮೆ ಮೈಸೂರು ರಾಜ್ಯಕ್ಕೆ ಬಂತು. ನವಾಬರ ಜಹಗೀರಿಯಾಗಿದ್ದ ಕಲ್ಯಾಣ ಬಸವಣ್ಣನವರ ಹೆಸರು ಸೇರಿಸಿಕೊಂಡು ಬಸವಕಲ್ಯಾಣವಾಯಿತು.

ಅದೇ ವರ್ಷ ‘ಬಸಂತ್ ಬಹಾರ್’ ಎಂಬ ಹಿಂದಿ ಚಿತ್ರ ತೆರೆಗೆ ಬಂತು. ರಾಜಾ ನವಾಥೆ ನಿರ್ದೇಶನದ, ಭರತ್ ಭೂಷಣ್ ಮತ್ತು ನಿಮ್ಮಿ ನಟಿಸಿದ ಈ ಚಿತ್ರದ ಮೂಲಕಥೆ ಕನ್ನಡದ್ದು, ತ.ರಾ.ಸು. ಅವರ ‘ಹಂಸಗೀತೆ’ ಕಾದಂಬರಿ. ಅದರಲ್ಲಿ ಹಾಡಿದವರಲ್ಲಿ ಒಬ್ಬರು ಗದಗ ಸೀಮೆಯ ಭೀಮಸೇನ ಜೋಶಿ. ಸಂಗೀತ ನೀಡಿದ ಶಂಕರ್-ಜೈಕಿಶನ್ ಜೋಡಿಯಲ್ಲಿ ಹಿರಿಯರಾದ ಶಂಕರ್ ಬೆಳೆದದ್ದು ಹೈದರಾಬಾದಿನಲ್ಲಿ. ಅಂದರೆ ಹುಮನಾಬಾದಿನವರು ಅಲ್ಲಿಯವರೆಗೆ ರಾಜಧಾನಿ ಎಂದು ಕರೆಯುತ್ತಿದ್ದ ಊರಿನಲ್ಲಿ. ಕನ್ನಡದ ಕಥೆ, ಕನ್ನಡಿಗನ ಕಂಠ, ಹೈದರಾಬಾದಿನ ತಬಲಾ, ಮುಂಬಯಿಯ ಪಿಟೀಲುಗಳು. ಇವೆಲ್ಲ ಒಂದೆಡೆ ಸೇರಿದ್ದು ಒಂದು ಪೈಪೋಟಿಯ ಕಾರಣದಿಂದ. ಆ ಪೈಪೋಟಿಯ ಕಥೆಯನ್ನು ಸಿನಿಮಾ ಪತ್ರಿಕೆಗಳು ಸಾಕಷ್ಟು ಹೇಳಿವೆ. ಅದರ ಹಿಂದೆ ಕೂತು ಕಾಗದದ ಮೇಲೆ ಸ್ವರ ಬರೆದವರ ಕಥೆ ಮಾತ್ರ ಬಹಳ ತಡವಾಗಿ ಹೊರಬಂತು.

ಕೇಳುವ ಕಿವಿಗೆ ಬರವಿರಲಿಲ್ಲ

ಬೀದರ ಸೀಮೆಗೆ ಸಂಗೀತ ಹೊಸತೇನಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಗೀತವಿನೋದ, ವಾದ್ಯವಿನೋದಗಳಿಗೆ ದೊಡ್ಡ ಭಾಗವೇ ಮೀಸಲಾಗಿದೆ. ಅವನ ಮಗ ಜಗದೇಕಮಲ್ಲ ‘ಸಂಗೀತ ಚೂಡಾಮಣಿ’ಯ ಕರ್ತೃ. ಏಳು ಶತಮಾನಗಳ ನಂತರ, 1817ರಲ್ಲಿ, ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಹುಮನಾಬಾದಿನ ಪಕ್ಕದಲ್ಲಿ ನೆಲೆ ನಿಂತರು. ಅವರು ಕನ್ನಡ, ಮರಾಠಿ, ಹಿಂದುಸ್ತಾನಿ ಮೊದಲಾದ ಭಾಷೆಗಳಲ್ಲಿ ಪದ ಕಟ್ಟಿದರು. ಮಾಣಿಕನಗರದ ದತ್ತಜಯಂತಿಯ ದರ್ಬಾರಿಗೆ ದೂರದೂರದ ಗವಾಯಿಗಳು ಬಂದು ಸೇವೆ ಸಲ್ಲಿಸುವ ಪರಂಪರೆ ಅಲ್ಲಿಂದ ಬೆಳೆಯಿತು. ಹೀಗಾಗಿ ರಾಗದ ಹೆಸರು ಗೊತ್ತಿಲ್ಲದಿದ್ದರೂ ರಾಗದ ರುಚಿ ಗೊತ್ತಿದ್ದ ಜನ ಇಲ್ಲಿದ್ದರು.

ಆದರೆ ಸ್ವಾತಂತ್ರ್ಯದ ಆಚೀಚಿನ ವರ್ಷಗಳಲ್ಲಿ ಇಲ್ಲಿಗೆ ತಲುಪುತ್ತಿದ್ದ ಹೊಸ ಸಂಗೀತ ಹೆಚ್ಚಾಗಿ ಹಿಂದಿ ಚಿತ್ರಗಳದು. ಇದಕ್ಕೆ ಕಾರಣ ಸರಳ. ನಿಜಾಮರ ಆಡಳಿತದಲ್ಲಿ ಕಚೇರಿ, ಶಾಲೆ ಎಲ್ಲವೂ ಉರ್ದುವಿನಲ್ಲಿ ನಡೆಯುತ್ತಿದ್ದವು. ಹೈದರಾಬಾದಿನ ಡೆಕ್ಕನ್ ರೇಡಿಯೊದ ಮುಖ್ಯ ಭಾಷೆಯೂ ಅದೇ. 1948ರ ಪೊಲೀಸ್ ಕಾರ್ಯಾಚರಣೆಯ ನಂತರ, 1950ರಲ್ಲಿ, ಆ ನಿಲಯ ಆಕಾಶವಾಣಿಗೆ ಸೇರಿತು. ಅದೇ ವರ್ಷ ಧಾರವಾಡದಲ್ಲಿ ನಿಲಯ ಆರಂಭವಾಯಿತಾದರೂ ಕಲಬುರಗಿಗೆ ತನ್ನದೇ ನಿಲಯ ಬಂದದ್ದು 1966ರಲ್ಲಿ. ಮೇಲಾಗಿ ಹೈದರಾಬಾದಿನಿಂದ ಸೊಲ್ಲಾಪುರ, ಪುಣೆಗಳ ಮೂಲಕ ಮುಂಬಯಿಯ ಕಡೆಗೆ ಹೋಗುವ ಹೆದ್ದಾರಿ ಹುಮನಾಬಾದಿನ ನಡುವೆಯೇ ಹಾದುಹೋಗುತ್ತದೆ. ಬಸವಕಲ್ಯಾಣವೂ ಆ ರಸ್ತೆಯಿಂದ ದೂರವಿಲ್ಲ. ಬೆಂಗಳೂರು, ಮದರಾಸುಗಳು ಈ ಊರುಗಳಿಗೆ ಪರಸ್ಥಳ, ಮುಂಬಯಿ ಹಾಗಲ್ಲ.

ಸಿಲೋನಿನ ಬುಧವಾರ

1952ರಲ್ಲಿ ಬಿ.ವಿ. ಕೇಸ್ಕರ್ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾದರು. ಶಾಸ್ತ್ರೀಯ ಸಂಗೀತದಲ್ಲಿ ಪರಿಶ್ರಮವಿದ್ದ ಅವರಿಗೆ ಚಿತ್ರಗೀತೆಗಳೆಂದರೆ ಅಷ್ಟಕ್ಕಷ್ಟೆ. ಪಾಶ್ಚಾತ್ಯ ವಾದ್ಯಗಳ ಅಬ್ಬರ ಜನರ ಅಭಿರುಚಿಯನ್ನು ಕೆಡಿಸುತ್ತದೆ ಎಂಬುದು ಅವರ ನಿಲುವು. ಆಕಾಶವಾಣಿಯಲ್ಲಿ ಚಿತ್ರಗೀತೆಗಳ ವೇಳೆ ಕಡಿಮೆಯಾಯಿತು. ಹಾಡಿನ ಜೊತೆ ಚಿತ್ರದ ಹೆಸರು ಹೇಳುವುದೂ ಪ್ರಚಾರವೆನಿಸಿಕೊಂಡು ನಿಂತಿತು. ಸಿಟ್ಟಿಗೆದ್ದ ನಿರ್ಮಾಪಕರು ಹಾಡುಗಳ ಪರವಾನಗಿಯನ್ನೇ ಹಿಂತೆಗೆದುಕೊಂಡರು.

ಈ ಜಗಳದ ಲಾಭ ಪಡೆದದ್ದು ರೇಡಿಯೊ ಸಿಲೋನ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಿತ್ರರಾಷ್ಟ್ರಗಳ ಸೇನೆ ಅಲ್ಲಿ ಸ್ಥಾಪಿಸಿದ್ದ ಪ್ರಬಲ ಪ್ರಸಾರ ಯಂತ್ರದಿಂದಾಗಿ ಆ ನಿಲಯ ಶಾರ್ಟ್‌ವೇವ್‌ನಲ್ಲಿ ಇಡೀ ಭಾರತಕ್ಕೆ ಕೇಳಿಸುತ್ತಿತ್ತು. 1952ರ ಡಿಸೆಂಬರಿನಲ್ಲಿ ಅಮೀನ್ ಸಯಾನಿ ಅವರ ‘ಬಿನಾಕಾ ಗೀತ್‌ಮಾಲಾ’ ಶುರುವಾಯಿತು. ಬುಧವಾರ ರಾತ್ರಿಯ ಈ ಕಾರ್ಯಕ್ರಮ ಮುಂದೆ ರೆಕಾರ್ಡುಗಳ ಮಾರಾಟ ಮತ್ತು ಕೇಳುಗರ ಪತ್ರಗಳ ಆಧಾರದಲ್ಲಿ ಹಾಡುಗಳಿಗೆ ಸ್ಥಾನ ಹಚ್ಚತೊಡಗಿತು. ಬಿಹಾರದ ಝುಮ್ರಿ ತಿಲಯ್ಯಾ ಎಂಬ ಪುಟ್ಟ ಊರು ದೇಶಕ್ಕೆಲ್ಲ ಪರಿಚಿತವಾದದ್ದು ಅಲ್ಲಿಂದ ಬರುತ್ತಿದ್ದ ಪತ್ರಗಳ ರಾಶಿಯಿಂದಲೇ. (ಈಗ ಅದು ಝಾರ್ಖಂಡಿನಲ್ಲಿದೆ.) ಸರಕಾರ ತಡವಾಗಿ ಎಚ್ಚೆತ್ತು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ಆರಂಭಿಸಿತು. ಅಷ್ಟರಲ್ಲಿ ಐದು ವರ್ಷಗಳ ಕಾಲ ಕೇಳುಗರು ಸಿಲೋನಿನ ಪಟ್ಟಿಯಲ್ಲಿ ತಮ್ಮ ತಮ್ಮ ಕುದುರೆಗಳ ಓಟ ನೋಡಿಯಾಗಿತ್ತು.

ಪಟ್ಟಿ ಎಂದ ಮೇಲೆ ಪಾಳೆಯ ಕಟ್ಟಲೇಬೇಕು. ನೌಷಾದ್ ಅವರದೊಂದು ಪಾಳೆಯ, ಶಂಕರ್-ಜೈಕಿಶನ್ ಅವರದು ಇನ್ನೊಂದು. ಲತಾ ಮಂಗೇಶ್ಕರ್ ಅವರಿಂದ ಒಂದೇ ಒಂದು ಹಾಡನ್ನೂ ಹಾಡಿಸದೆ ‘ಆರ್ ಪಾರ್’ (1954), ‘ನಯಾ ದೌರ್’ (1957)ಗಳಂಥ ಚಿತ್ರಗಳಿಂದ ಮೇಲೆ ಬಂದ ಓ.ಪಿ. ನಯ್ಯರ್ ಅವರದು ಮತ್ತೊಂದು.

ಸಹಾಯಕರು ಯಜಮಾನರಾದ ಬಗೆ

ಶಂಕರ್ ಸಿಂಗ್ ರಘುವಂಶಿ ಹೈದರಾಬಾದಿನಲ್ಲಿ ಕುಸ್ತಿಯ ಅಖಾಡಕ್ಕೂ ತಬಲಾದ ತಾಲೀಮಿಗೂ ಒಟ್ಟಿಗೆ ಹೋಗುತ್ತಿದ್ದ ಹುಡುಗ. ನಾಟಕದ ಕಂಪನಿಯೊಂದರ ಜೊತೆ ಸುತ್ತಿ, ಕೊನೆಗೆ ಮುಂಬಯಿಯಲ್ಲಿ ಪೃಥ್ವಿರಾಜ್ ಕಪೂರ್ ಅವರ ಪೃಥ್ವಿ ಥಿಯೇಟರ್ಸ್ ಸೇರಿ ತಬಲಾ ನುಡಿಸುತ್ತ, ಸಣ್ಣಪುಟ್ಟ ಪಾತ್ರ ಮಾಡುತ್ತ ಇದ್ದರು. ಗುಜರಾತಿನ ಬಾಂಸದಾದಿಂದ ಬಂದ ಹಾರ್ಮೋನಿಯಂ ವಾದಕ ಜೈಕಿಶನ್ ಪಂಚಾಲ್ ಅವರನ್ನು ಅಲ್ಲಿಗೆ ಕರೆತಂದವರು ಇವರೇ. ರಾಜ್ ಕಪೂರ್ ತಮ್ಮ ಮೊದಲ ಚಿತ್ರ ‘ಆಗ್’ (1948) ಮಾಡಿದಾಗ ಸಂಗೀತ ನಿರ್ದೇಶಕರು ರಾಮ್ ಗಂಗೂಲಿ. ಈ ಇಬ್ಬರು ಸಹಾಯಕರು. ಎರಡನೆಯ ಚಿತ್ರ ‘ಬರ್ಸಾತ್’ (1949) ಬರುವ ಹೊತ್ತಿಗೆ ಗುರು ಹೊರಗೆ, ಶಿಷ್ಯರು ಒಳಗೆ. ಆ ಒಂದು ಚಿತ್ರ ಹಿಂದಿ ಚಿತ್ರಗೀತೆಯ ದನಿಯನ್ನೇ ಬದಲಿಸಿತು.

ಶಂಕರ್ ಹೈದರಾಬಾದನ್ನು ಮರೆತಿರಲಿಲ್ಲ. ‘ಶ್ರೀ 420’ (1955) ಚಿತ್ರದ ಜನಪ್ರಿಯ ಹಾಡೊಂದು ತೆಲುಗು ಮಾತಿನಿಂದ ಶುರುವಾಗುತ್ತದೆ. ಅದು ಅವರು ಊರಿನಿಂದ ಒಯ್ದ ಬುತ್ತಿ. ಹಿಂದಿ ಸೀಮೆಯ ಕೇಳುಗರಿಗೆ ಅದು ಅರ್ಥವಿಲ್ಲದ ಸೊಗಸಿನ ಸದ್ದು. ತೆಲುಗು, ಕನ್ನಡ, ಮರಾಠಿ, ಉರ್ದು ಒಂದೇ ಸಂತೆಯಲ್ಲಿ ಕಿವಿಗೆ ಬೀಳುವ ಬೀದರ ಸೀಮೆಯವರಿಗೆ ಅದರಲ್ಲಿ ಒಗಟೇನೂ ಇರಲಿಲ್ಲ.

ನೌಷಾದ್ ಅಲಿ ಬೇರೆ ಜಾಡಿನವರು. ಲಖನೌದವರು, ಮಾತಿನಲ್ಲಿ ನಯ, ರಾಗದ ವಿಷಯದಲ್ಲಿ ನಿಷ್ಠೆ. 1952ರಲ್ಲಿ ಒಂದೇ ವರ್ಷದಲ್ಲಿ ಅವರು ಎರಡು ದಿಕ್ಕಿಗೆ ಬಾಣ ಬಿಟ್ಟರು. ಮೆಹಬೂಬ್ ಖಾನ್ ಅವರ ‘ಆನ್’ ಚಿತ್ರಕ್ಕೆ ನೂರು ವಾದ್ಯಗಾರರ ಮೇಳ ಕಟ್ಟಿದರೆಂದು ಪ್ರಸಿದ್ಧಿ. ‘ಬೈಜು ಬಾವ್ರಾ’ದಲ್ಲಿ ಉಸ್ತಾದ್ ಅಮೀರ್ ಖಾನ್ ಮತ್ತು ಪಂಡಿತ್ ಡಿ.ವಿ. ಪಲುಸ್ಕರ್ ಅವರಂಥ ದಿಗ್ಗಜರನ್ನು ಕರೆತಂದು ಪರಸ್ಪರ ಸ್ಪರ್ಧೆಯ ಹಾಡು ಹಾಡಿಸಿದರು. ಫಿಲಂಫೇರ್ ಪ್ರಶಸ್ತಿ ಆರಂಭವಾದಾಗ ಸಂಗೀತದ ಮೊದಲ ಪ್ರಶಸ್ತಿ ‘ಬೈಜು ಬಾವ್ರಾ’ಕ್ಕೇ ಸಂದಿತು. ಶಾಸ್ತ್ರೀಯ ಹಾಡು ಬೇಕೆಂದರೆ ನೌಷಾದ್ ಮನೆಯ ಬಾಗಿಲು ತಟ್ಟಬೇಕು ಎಂಬುದು ಅಲ್ಲಿಂದ ನಿಯಮದಂತಾಯಿತು.

‘ಬಸಂತ್ ಬಹಾರ್’ ಸಿದ್ಧವಾಗುತ್ತಿದ್ದಾಗಲೂ ಆ ಬಾಗಿಲಿನ ಮಾತೇ ಮೊದಲು ಎದ್ದಿತೆಂದು ಚಿತ್ರರಂಗದಲ್ಲಿ ಹೇಳುತ್ತ ಬಂದಿದ್ದಾರೆ. ಶಂಕರ್-ಜೈಕಿಶನ್ ಎಂದರೆ ಪಿಟೀಲಿನ ಸಾಲು, ಅಕಾರ್ಡಿಯನ್, ಕುಣಿತ ಎಂಬ ಹೆಸರಿತ್ತಲ್ಲ. ಹೀಗಾಗಿ ಅವರಿಗೆ ಅದು ಮರ್ಯಾದೆಯ ಪ್ರಶ್ನೆಯಾಯಿತು. ಕಥೆಯೂ ಅದಕ್ಕೆ ಒದಗಿಬಂತು. ತ.ರಾ.ಸು. ಬರೆದದ್ದು ಚಿತ್ರದುರ್ಗದ ಭೈರವಿ ವೆಂಕಟಸುಬ್ಬಯ್ಯನೆಂಬ ಗಾಯಕನ ಬಾಳು. ಹಿಂದಿಯವರು ಅದನ್ನು ಬಾದಶಹನ ಆಸ್ಥಾನಕ್ಕೆ ಸಾಗಿಸಿ, ಆಸ್ಥಾನ ಗಾಯಕನ ಪಟ್ಟಕ್ಕೆ ಇಬ್ಬರು ಕಾದಾಡುವ ಪ್ರಸಂಗವನ್ನು ನಡುವೆ ಇಟ್ಟರು. ಪರದೆಯ ಮೇಲೊಂದು ಸ್ಪರ್ಧೆ, ಪರದೆಯ ಹಿಂದೊಂದು ಸ್ಪರ್ಧೆ.

ನಾಯಕನ ಎದುರಾಳಿಗೆ ದನಿಯಾಗಲು ಭೀಮಸೇನ ಜೋಶಿಯವರನ್ನು ಕರೆದರು. ನಾಯಕನಿಗೆ ಮನ್ನಾ ಡೇ. ಕಥೆಯಲ್ಲಿ ಗೆಲ್ಲಬೇಕಾದವನು ನಾಯಕ. ಭೀಮಸೇನರ ಎದುರು ತಾನು ಹಾಡಿ ಗೆಲ್ಲಬೇಕೆಂದು ತಿಳಿದಾಗ ತಾವು ಊರು ಬಿಟ್ಟು ಓಡಿಹೋಗಲು ಹೊರಟದ್ದನ್ನೂ, ಪತ್ನಿ ಸುಲೋಚನಾ ಧೈರ್ಯ ಹೇಳಿ ನಿಲ್ಲಿಸಿದ್ದನ್ನೂ ಮನ್ನಾ ಡೇ ನಂತರ ಅನೇಕ ಬಾರಿ ನಗುತ್ತ ಹೇಳಿಕೊಂಡಿದ್ದಾರೆ. ಹಾಡಿದ ಮೇಲೆ ಭೀಮಸೇನರೇ ಅವರನ್ನು ಮೆಚ್ಚಿದರು. ಚಿತ್ರದ ಉಳಿದ ಹಾಡುಗಳಲ್ಲಿ ತೋಡಿ, ಪೀಲು, ಮಿಯಾಮಲ್ಹಾರಗಳು ಬಂದವು. ಕೊಳಲಿಗೆ ಪನ್ನಾಲಾಲ್ ಘೋಷ್ ಕೂತರು. ನೌಷಾದರ ಕೋಟೆಯೊಳಗೆ ನುಗ್ಗಿ ಬಾವುಟ ಊರಿದಂತಾಯಿತು. ನೌಷಾದ್ ಸುಮ್ಮನಿರಲಿಲ್ಲ. ‘ಮುಘಲ್-ಎ-ಆಝಮ್’ (1960) ಚಿತ್ರಕ್ಕೆ ಬಡೇ ಗುಲಾಮ್ ಅಲಿ ಖಾನರನ್ನೇ ಕರೆತಂದರು. ಹೆಸರಾಂತ ಹಿನ್ನೆಲೆ ಗಾಯಕರು ಕೆಲವು ನೂರು ರೂಪಾಯಿಗಳಿಗೆ ಹಾಡುತ್ತಿದ್ದ ದಿನಗಳಲ್ಲಿ ಖಾನ್ ಸಾಹೇಬರಿಗೆ ಹಾಡಿಗೆ 25,000 ರೂಪಾಯಿ ಕೊಟ್ಟರೆಂಬುದು ಇಂದಿಗೂ ಹೇಳಿ ಮುಗಿಯದ ಸುದ್ದಿ.

ಕಿವಿ ಸಾಲದಾದಾಗ

ಇಷ್ಟು ಎಲ್ಲರಿಗೂ ಗೊತ್ತಿರುವ ಕಥೆ. ಆದರೆ ಒಂದು ಪ್ರಶ್ನೆಯನ್ನು ಆ ಕಾಲದ ಅಭಿಮಾನಿಗಳು ಕೇಳಿಕೊಂಡಂತಿಲ್ಲ. ನೂರು ಮಂದಿ ಒಟ್ಟಿಗೆ ನುಡಿಸುವಾಗ ಯಾರು ಯಾವಾಗ ಏನು ನುಡಿಸಬೇಕೆಂದು ಹೇಳುವವರು ಯಾರು?

ಟಾಕಿ ಚಿತ್ರಗಳ ಮೊದಲ ದಶಕದಲ್ಲಿ ಇದು ಸಮಸ್ಯೆಯಾಗಿರಲಿಲ್ಲ. ಹಾರ್ಮೋನಿಯಂ, ತಬಲಾ, ಸಾರಂಗಿ, ಒಂದೆರಡು ಪಿಟೀಲು, ಒಂದು ಕ್ಲಾರಿನೆಟ್. ಗಾಯಕ ಹಾಡಿದ್ದನ್ನೇ ಇವರೂ ಹಿಂಬಾಲಿಸುವರು. ಹತ್ತು ಮಂದಿಗೆ ಕಿವಿ ಮತ್ತು ನೆನಪು ಸಾಕು. ಮೇಳ ನಲವತ್ತು, ಅರವತ್ತಕ್ಕೆ ಏರಿದಾಗ, ಅದರಲ್ಲೂ ಪಿಟೀಲುಗಳು ಒಂದು ದಾರಿ, ಚೆಲ್ಲೋಗಳು ಇನ್ನೊಂದು ದಾರಿ, ಟ್ರಂಪೆಟ್ ಮೂರನೆಯ ದಾರಿ ಹಿಡಿಯಬೇಕೆಂದಾಗ, ಪ್ರತಿಯೊಬ್ಬನ ಮುಂದೆ ಕಾಗದವಿರಬೇಕು. ಆ ಕಾಗದವನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆಯಬಲ್ಲವರು, ಓದಬಲ್ಲವರು ಮುಂಬಯಿಯಲ್ಲಿ ಗುಂಪಾಗಿ ಸಿಗುತ್ತಿದ್ದದ್ದು ಒಂದೇ ಸಮುದಾಯದಲ್ಲಿ: ಗೋವೆಯ ಕ್ರೈಸ್ತರಲ್ಲಿ.

ಪೋರ್ಚುಗೀಸರ ಆಳ್ವಿಕೆಯ ಗೋವೆಯಲ್ಲಿ ಚರ್ಚಿನ ಶಾಲೆಗಳು ಹುಡುಗರಿಗೆ ಅಕ್ಷರದ ಜೊತೆಗೇ ಸ್ವರಲಿಪಿ, ಪಿಟೀಲು ಕಲಿಸುತ್ತಿದ್ದವು. ಊರಿನಲ್ಲಿ ಕೆಲಸವಿಲ್ಲ, ಹೊರಗೆ ಬೇಕಾದಷ್ಟಿತ್ತು. ಬ್ರಿಟಿಷರ ಪಟಾಲಮ್ಮುಗಳ ಬ್ಯಾಂಡು, ಸಂಸ್ಥಾನಿಕರ ಬ್ಯಾಂಡು, ಮೂಕಿ ಚಿತ್ರ ತೋರಿಸುವಾಗ ಪರದೆಯ ಕೆಳಗೆ ಕೂತು ನುಡಿಸುವ ಮೇಳ, ದೊಡ್ಡ ಹೋಟೆಲುಗಳ ಕುಣಿತದ ಬ್ಯಾಂಡು. 1931ರಲ್ಲಿ ಟಾಕಿ ಬಂದು ಮೂಕಿಯ ಮೇಳಗಳು ಮುಚ್ಚಿದವು. 1947ರಲ್ಲಿ ಗೋರಾಗಳು ಹೊರಟರು. ಮುಂಬಯಿ ಪ್ರಾಂತದಲ್ಲಿ ಪಾನನಿಷೇಧ ಬಂದು ಹೋಟೆಲುಗಳ ರಾತ್ರಿಗಳೂ ಸಪ್ಪೆಯಾದವು. ಹೀಗೆ ಬಾಗಿಲುಗಳು ಒಂದೊಂದಾಗಿ ಮುಚ್ಚಿದಾಗ ತೆರೆದಿದ್ದದ್ದು ಸಿನಿಮಾ ಸ್ಟುಡಿಯೊಗಳ ಬಾಗಿಲು.

ಸೆಬಾಸ್ಟಿಯನ್ ಡಿಸೋಜ (1906–1998) ಇವರಲ್ಲಿ ಮುಖ್ಯರು. ವಿಭಜನೆಗೆ ಮುನ್ನ ಲಾಹೋರಿನಲ್ಲಿ ಹೋಟೆಲ್ ಬ್ಯಾಂಡಿನ ಮುಖಂಡರಾಗಿದ್ದವರು ಮುಂಬಯಿಗೆ ಬಂದರು. 1952ರಿಂದ ಎರಡು ದಶಕಗಳಿಗೂ ಹೆಚ್ಚು ಕಾಲ ಶಂಕರ್-ಜೈಕಿಶನ್ ಅವರ ವಾದ್ಯಸಂಯೋಜನೆ ಇವರ ಕೈಯಲ್ಲಿತ್ತು. ಲಯವಾದ್ಯಗಳ ಭಾರ ದತ್ತಾರಾಮ್ ವಾಡ್ಕರ್ ಅವರದು. ಕೆಲಸದ ಕ್ರಮ ಹೀಗಿರುತ್ತಿತ್ತು: ಶಂಕರ್ ಅಥವಾ ಜೈಕಿಶನ್ ಹಾರ್ಮೋನಿಯಂ ಮೇಲೆ ಧಾಟಿ ಕಟ್ಟುವರು. ಶೈಲೇಂದ್ರ ಇಲ್ಲವೆ ಹಸರತ್ ಜೈಪುರಿ ಮಾತು ಜೋಡಿಸುವರು. ಆಮೇಲೆ ಸೆಬಾಸ್ಟಿಯನ್ ಆ ಧಾಟಿಯನ್ನು ಬರೆದುಕೊಂಡು, ಯಾವ ವಾದ್ಯ ಎಲ್ಲಿ ಏಳಬೇಕು, ಎಲ್ಲಿ ಅಡಗಬೇಕು ಎಂದು ವಿಂಗಡಿಸಿ, ವಾದ್ಯಕ್ಕೊಂದು ಕಾಗದ ಸಿದ್ಧಪಡಿಸುವರು. ಸಿತಾರ್, ಸಾರಂಗಿಯವರು ತಮ್ಮ ಸರಿಗಮದಲ್ಲಿ ಬರೆದುಕೊಳ್ಳುವರು. ಧ್ವನಿಮುದ್ರಣದ ದಿನ ಎಲ್ಲರೂ ಒಂದೇ ಕೋಣೆಯಲ್ಲಿ, ಗಾಯಕರೂ ಜೊತೆಗೇ. ಒಬ್ಬ ತಪ್ಪಿದರೆ ಮತ್ತೆ ಮೊದಲಿನಿಂದ.

ಸೆಬಾಸ್ಟಿಯನ್ ಕೈಚಳಕ ಗುರುತಿಸುವುದು ಕಷ್ಟವಲ್ಲ. ಲತಾ ಒಂದು ಸಾಲನ್ನು ಎಳೆದು ನಿಲ್ಲಿಸುವ ಕಡೆ ಹಿಂದಿನಿಂದ ಚೆಲ್ಲೋ, ಪಿಟೀಲುಗಳ ಗುಂಪು ಬೇರೆಯದೇ ಒಂದು ಧಾಟಿಯನ್ನು ಮೆಲ್ಲನೆ ಹೆಣೆಯುತ್ತ ಹೋಗುತ್ತದೆ. ಹಾಡಿಗೆ ಅದು ಅಡ್ಡಿಯಾಗುವುದಿಲ್ಲ. ಅದಿಲ್ಲದೆ ಹಾಡು ಬರಿದಾಗುತ್ತದೆ. ಶಂಕರ್-ಜೈಕಿಶನ್ ಅವರ ‘ಗುರುತು’ ಎಂದು ಅಭಿಮಾನಿಗಳು ಹೇಳುತ್ತ ಬಂದದ್ದರಲ್ಲಿ ದೊಡ್ಡ ಪಾಲು ಇದೇ.

ಕುತೂಹಲದ ಸಂಗತಿ ಇನ್ನೊಂದಿದೆ. ಇದೇ ಸೆಬಾಸ್ಟಿಯನ್ ಓ.ಪಿ. ನಯ್ಯರ್ ಅವರಿಗೂ ವಾದ್ಯಸಂಯೋಜಕರು. ಅದೂ ಶಂಕರ್-ಜೈಕಿಶನ್ ಬಳಿ ಬರುವ ಮೊದಲಿನಿಂದ, 1970ರ ದಶಕದ ಆರಂಭದವರೆಗೆ. ಗೀತ್‌ಮಾಲಾದ ಕೇಳುಗರು ಎರಡು ಪಾಳೆಯಗಳಾಗಿ ಒಡೆದು ವಾದ ಮಾಡುತ್ತಿದ್ದಾಗ ಎರಡೂ ಕಡೆಯ ಸ್ವರಗಳನ್ನು ಬರೆಯುತ್ತಿದ್ದದ್ದು ಒಂದೇ ಲೇಖನಿ. ಒಬ್ಬರ ಹಾಡು ಇನ್ನೊಬ್ಬರದರಂತೆ ಕೇಳಿಸುವುದಿಲ್ಲ ಎಂಬುದೇ ಆ ಲೇಖನಿಯ ಹೆಚ್ಚುಗಾರಿಕೆ. ನುಡಿಸುವವರ ವಿಷಯವೂ ಅಷ್ಟೆ. ಅವರಿಗೆ ಪಾಳಿಯ ಲೆಕ್ಕದಲ್ಲಿ ಸಂಬಳ. ಬೆಳಿಗ್ಗೆ ಮಹಾಲಕ್ಷ್ಮಿಯ ಫೇಮಸ್ ಸ್ಟುಡಿಯೊದಲ್ಲಿ ಒಬ್ಬ ನಿರ್ದೇಶಕ, ಮಧ್ಯಾಹ್ನ ಬಾಂದ್ರಾದ ಮೆಹಬೂಬ್ ಸ್ಟುಡಿಯೊದಲ್ಲಿ ಅವನ ಎದುರಾಳಿ. ಪೈಪೋಟಿಯ ಬಿಸಿ ಇವರನ್ನು ತಾಕಲಿಲ್ಲವೆಂದಲ್ಲ. ಮೇಳ ದೊಡ್ಡದಾದಷ್ಟೂ ಕೆಲಸ ಹೆಚ್ಚು. ದೊರೆಗಳ ಜಗಳದಲ್ಲಿ ಇವರ ಮನೆಯ ಒಲೆ ಉರಿಯುತ್ತಿತ್ತು.

ಉಳಿದ ಹೆಸರುಗಳನ್ನು ಇಲ್ಲಿ ಬೇಗ ನೆನೆಯಬಹುದು. ಸಿ. ರಾಮಚಂದ್ರ ಅವರ ‘ಅಲ್ಬೇಲಾ’ (1951) ಚಿತ್ರದ ಕುಣಿತದ ಹಾಡುಗಳ ಹುರುಪಿನ ಹಿಂದೆ ‘ಚಿಕ್ ಚಾಕೊಲೇಟ್’ ಎಂದು ಹೆಸರಾದ ಟ್ರಂಪೆಟ್ ವಾದಕ ಅಂಟೋನಿಯೊ ಶಾವಿಯರ್ ವಾಝ್ ಇದ್ದರು. ಫ್ರಾಂಕ್ ಫೆರ್ನಾಂಡ್ ವಾದ್ಯಸಂಯೋಜನೆಯ ದುಡಿಮೆಯ ನಡುವೆಯೇ ‘ಆಮ್ಚೆಂ ನಶೀಬ್’ (1963), ‘ನಿರ್ಮೊಣ್’ (1966) ಎಂಬ ಕೊಂಕಣಿ ಚಿತ್ರಗಳನ್ನು ನಿರ್ಮಿಸಿದರು.

ಇದು ನಮ್ಮ ದೇಶದ್ದೇ ರೋಗವೆಂದು ತಿಳಿಯಬೇಕಾಗಿಲ್ಲ. ಅದೇ ಕಾಲದಲ್ಲಿ ಇಂಗ್ಲೆಂಡಿನ ಮಾಂಟೊವಾನಿಯ ಮೇಳ ಜಗತ್ತಿನಾದ್ಯಂತ ಮನೆಮಾತಾಗಿತ್ತು. ಜಲಪಾತದಂತೆ ಒಂದರ ಮೇಲೊಂದು ಇಳಿದುಬರುವ ಪಿಟೀಲುಗಳ ದನಿ ಅದರ ಹೆಗ್ಗುರುತು. 1951ರಲ್ಲಿ ಆ ದನಿಯನ್ನು ರೂಪಿಸಿದವರು ರೊನಾಲ್ಡ್ ಬಿಂಜ್ ಎಂಬ ವಾದ್ಯಸಂಯೋಜಕರು. ರೆಕಾರ್ಡಿನ ಮೇಲೆ ದೊಡ್ಡಕ್ಷರದಲ್ಲಿ ಇದ್ದದ್ದು ಮಾಂಟೊವಾನಿಯ ಹೆಸರು.

ಸರಕಾರದ ವಾದ್ಯವೃಂದ, ಕಾನೂನಿನ ಕಣ್ಣು

ಚಿತ್ರಸಂಗೀತದ ಈ ಅಬ್ಬರಕ್ಕೆ ಪ್ರತಿಯಾಗಿ ಸರಕಾರವೂ ಒಂದು ಮೇಳ ಕಟ್ಟಿತು. 1952ರಲ್ಲಿ ದೆಹಲಿಯಲ್ಲಿ ಆಕಾಶವಾಣಿಯ ‘ವಾದ್ಯವೃಂದ’ ಆರಂಭವಾಯಿತು. ಹಿಂದುಸ್ತಾನಿ ವಿಭಾಗಕ್ಕೆ ರವಿಶಂಕರ್, ಕರ್ನಾಟಕ ವಿಭಾಗಕ್ಕೆ ಟಿ.ಕೆ. ಜಯರಾಮ ಅಯ್ಯರ್ ನಿರ್ದೇಶಕರು. ರಾಗದ ಚೌಕಟ್ಟು ಮೀರದೆ ಬಹುವಾದ್ಯಗಳನ್ನು ಒಟ್ಟುಗೂಡಿಸುವ ಗಂಭೀರ ಪ್ರಯತ್ನವದು. ಕೇಳಲು ಗೌರವವಿತ್ತು, ಗುನುಗಲು ಯಾರೂ ಮುಂದಾಗಲಿಲ್ಲ.

ಇದೇ ಆಸೆಯನ್ನು ಖಾಸಗಿಯಾಗಿ ಹೊತ್ತವರು ಆ್ಯಂಟನಿ ಗೊನ್ಸಾಲ್ವಿಸ್. ಗೋವೆಯ ಮಜೋರ್ಡಾದಲ್ಲಿ 1927ರಲ್ಲಿ ಹುಟ್ಟಿ, 1943ರಲ್ಲಿ ಮುಂಬಯಿಗೆ ಬಂದು ನೌಷಾದ್ ಅವರ ಮೇಳದಲ್ಲಿ ಪಿಟೀಲು ಹಿಡಿದವರು. ಪ್ಯಾರೇಲಾಲ್ ಮತ್ತು ಆರ್.ಡಿ. ಬರ್ಮನ್ ಅವರಿಗೆ ಇವರು ಪಿಟೀಲಿನ ಮೇಷ್ಟ್ರು. ಗೋವೆಯ ವಾದ್ಯಗಾರರಲ್ಲಿ ಅನೇಕರು ಹಿಂದುಸ್ತಾನಿ ರಾಗಗಳನ್ನು ಕೂಲಿಯ ಕೆಲಸವೆಂದು ನುಡಿಸಿದರೆ ಇವರು ಅದಕ್ಕೆ ಮನಸೋತು ಕಲಿತರು. 1958ರಲ್ಲಿ ‘ಇಂಡಿಯನ್ ಸಿಂಫನಿ ಆರ್ಕೆಸ್ಟ್ರಾ’ ಕಟ್ಟಿ, ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನ ಅಂಗಳದಲ್ಲಿ ರಾಗಾಧಾರಿತ ಕೃತಿಗಳ ಕಛೇರಿ ನಡೆಸಿದರು. ಲತಾ ಮಂಗೇಶ್ಕರ್, ಮನ್ನಾ ಡೇ ಅದರಲ್ಲಿ ಹಾಡಿದರು. ವೇದಿಕೆಯ ಮೇಲೆ ವಾದ್ಯಸಂಯೋಜಕನೇ ಯಜಮಾನನಾದ ಅಪರೂಪದ ಸಂಜೆಗಳವು. ಹಣ ಗಿಟ್ಟಲಿಲ್ಲ. 1965ರಲ್ಲಿ ಅವರು ಅಮೆರಿಕದ ಸಿರಕ್ಯೂಸ್ ವಿಶ್ವವಿದ್ಯಾಲಯಕ್ಕೆ ಹೊರಟುಹೋದರು.

ಕಾನೂನಿನ ಕಡೆಗೂ ಒಮ್ಮೆ ನೋಡಬೇಕು. 1957ರ ಹಕ್ಕುಸ್ವಾಮ್ಯ ಕಾಯ್ದೆ ‘ಸಂಗೀತ ಕೃತಿ’ ಎಂದರೆ ಮುದ್ರಿತವಾದ ಅಥವಾ ಬರಹಕ್ಕೆ ಇಳಿದ ಸ್ವರಗಳ ಜೋಡಣೆ ಎಂದಿತು. ಆ ಅರ್ಥದಲ್ಲಿ ಹಾರ್ಮೋನಿಯಂ ಮೇಲೆ ಧಾಟಿ ನುಡಿಸಿ ತೋರಿಸಿದವನ ಕೈಯಲ್ಲಿ ಕೃತಿಯೇ ಇಲ್ಲ. ಅದು ಇದ್ದದ್ದು ಬರೆದವನ ಕಾಗದದಲ್ಲಿ. ವಿಚಿತ್ರವೆಂದರೆ ಬರೆದವನನ್ನು ಕೃತಿಕಾರನೆಂದು ಯಾರೂ ಕರೆಯಲಿಲ್ಲ. ಚಿತ್ರದ ಶೀರ್ಷಿಕೆಯಲ್ಲಿ ‘ಸಹಾಯಕರು’ ಎಂಬ ಸಾಲಿನಲ್ಲಿ ಹೆಸರು ಬಂದರೆ ಅದೇ ಹೆಚ್ಚು. 1977ರಲ್ಲಿ ಸುಪ್ರೀಂ ಕೋರ್ಟು ಚಿತ್ರಕ್ಕಾಗಿ ಮಾಡಿಸಿದ ಸಂಗೀತದ ಒಡೆತನ ನಿರ್ಮಾಪಕನದು ಎಂದು ತೀರ್ಪಿತ್ತಾಗ ಸಂಗೀತ ನಿರ್ದೇಶಕರೂ ಬರಿಗೈಯಾದರು. 1994ರ ತಿದ್ದುಪಡಿ ಬರಹದ ಷರತ್ತನ್ನು ತೆಗೆದುಹಾಕಿ, ಲಿಪಿಯಲ್ಲಿ ಬರೆಯಲಿ ಬಿಡಲಿ ಸಂಗೀತ ರಚಿಸಿದವನೇ ರಚನಕಾರ ಎಂದಿತು. 2012ರ ತಿದ್ದುಪಡಿ ಅವನಿಗೂ ಗೀತರಚನಕಾರನಿಗೂ ಗೌರವಧನದ ಪಾಲು ಕೊಡಿಸಿತು. ವಾದ್ಯಸಂಯೋಜಕನಿಗೆ ಈ ಯಾವ ಬಾಗಿಲಲ್ಲೂ ಅವನ ಹೆಸರಿನ ಕುರ್ಚಿ ಇರಲಿಲ್ಲ. ಕೆಲಸ ಮುಗಿದ ಮೇಲೆ ಆ ಕಾಗದಗಳಿಗೆ ಬೆಲೆಯೂ ಇರಲಿಲ್ಲ. ಬಹುಪಾಲು ರದ್ದಿಯಾದವು. ವಿದ್ವಾಂಸ ಗ್ರೆಗರಿ ಬೂತ್ ಮುಂಬಯಿಯ ಮುದಿ ವಾದ್ಯಗಾರರನ್ನು ಮಾತನಾಡಿಸಿ ಪುಸ್ತಕ ಪ್ರಕಟಿಸಿದ್ದು 2008ರಲ್ಲಿ. ಅಷ್ಟರಲ್ಲಿ ಸೆಬಾಸ್ಟಿಯನ್ ತೀರಿಕೊಂಡು ಹತ್ತು ವರ್ಷವಾಗಿತ್ತು.

ಬೀದಿಯ ಬಾಜಾ

ಈ ಬರೆದ ಸಂಗೀತ ಮತ್ತೆ ಬರಹವಿಲ್ಲದವರ ಕೈಗೆ ಬಂದದ್ದು ದಖ್ಖನಿನ ಊರುಗಳ ಮದುವೆ ಮೆರವಣಿಗೆಗಳಲ್ಲಿ. ಬಾಜಾದವರು ರೆಕಾರ್ಡು, ರೇಡಿಯೊ ಕೇಳಿ ಕೇಳಿಯೇ ಹಾಡು ಕಲಿಯುವವರು. ಕ್ಲಾರಿನೆಟ್ಟೋ ಟ್ರಂಪೆಟ್ಟೋ ಹಾಡಿನ ಧಾಟಿ ಹಿಡಿಯುತ್ತದೆ. ಆದರೆ ಅವರು ಬರೀ ಧಾಟಿ ನುಡಿಸಿ ಬಿಡುವುದಿಲ್ಲ. ಪಲ್ಲವಿಗೆ ಮುಂಚಿನ ಪೀಠಿಕೆ, ಚರಣಗಳ ನಡುವಿನ ತುಣುಕುಗಳನ್ನೂ ಬಿಡದೆ ಊದುತ್ತಾರೆ, ಏಕೆಂದರೆ ಜನ ಹಾಡನ್ನು ಗುರುತಿಸುವುದೇ ಆ ಪೀಠಿಕೆಯಿಂದ. ಲಾಹೋರಿನ ಹೋಟೆಲಿನಿಂದ ಬಂದ ಗೋವೆಯವನೊಬ್ಬ ಅರವತ್ತು ಪಿಟೀಲುಗಳಿಗೆಂದು ಬರೆದದ್ದು, ಸ್ವರಲಿಪಿಯ ಒಂದಕ್ಷರ ಬಾರದವರ ಉಸಿರಿನಲ್ಲಿ ಮದುಮಗನ ಕುದುರೆಯ ಮುಂದೆ ಸಾಗಿತು.

1956ರ ನಂತರ ಈ ಸೀಮೆಯ ಕಿವಿ ನಿಧಾನವಾಗಿ ದಕ್ಷಿಣಕ್ಕೂ ತಿರುಗಿತು. ಕನ್ನಡ ಚಿತ್ರಗಳ ಹಾಡುಗಳು ಆಗ ಮದರಾಸಿನ ಸ್ಟುಡಿಯೊಗಳಲ್ಲಿ ತಯಾರಾಗುತ್ತಿದ್ದವು. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ಟಿ.ಜಿ. ಲಿಂಗಪ್ಪ, ಮೈಸೂರಿನ ಅಣ್ಣತಮ್ಮಂದಿರಾದ ರಾಜನ್-ನಾಗೇಂದ್ರ ಅವರ ನಡುವೆ ಅಲ್ಲಿಯೂ ಸ್ಪರ್ಧೆಯಿತ್ತು. ಅಲ್ಲಿಯೂ ಸಹಾಯಕನೆಂಬ ಮನುಷ್ಯನಿದ್ದ. ಜಿ.ಕೆ. ವೆಂಕಟೇಶ್ ಬಳಿ ಗಿಟಾರ್ ಹಿಡಿದು, ಸ್ವರ ಬರೆದುಕೊಡುತ್ತಿದ್ದ ಒಬ್ಬ ಸಹಾಯಕ ಹಲವು ಕನ್ನಡ ಚಿತ್ರಗಳಿಗೆ ದುಡಿದು, 1976ರಲ್ಲಿ ಸ್ವತಂತ್ರನಾದ. ಅವರೇ ಇಳಯರಾಜಾ. ಎಲ್ಲ ಸಹಾಯಕರಿಗೂ ಆ ಅದೃಷ್ಟ ಒದಗಲಿಲ್ಲ.

ಭೀಮಸೇನ ಜೋಶಿಯವರು 1966ರಲ್ಲಿ ‘ಸಂಧ್ಯಾರಾಗ’ಕ್ಕೆ ಕನ್ನಡದಲ್ಲೇ ಹಾಡಿದರು. ‘ಹಂಸಗೀತೆ’ಯೂ 1975ರಲ್ಲಿ ಜಿ.ವಿ. ಅಯ್ಯರ್ ಕೈಯಲ್ಲಿ ಕನ್ನಡಕ್ಕೆ ಮರಳಿತು. ಈ ಸಲ ಬಾದಶಹನೂ ಇಲ್ಲ, ಪಿಟೀಲುಗಳ ಸೈನ್ಯವೂ ಇಲ್ಲ. ಸಂಗೀತ ಬಾಲಮುರಳಿಕೃಷ್ಣ ಮತ್ತು ಬಿ.ವಿ. ಕಾರಂತರದು. ಬಾಲಮುರಳಿಯವರಿಗೆ ಅದು ಶ್ರೇಷ್ಠ ಗಾಯಕನ ರಾಷ್ಟ್ರಪ್ರಶಸ್ತಿ ತಂದಿತು.

ಅಷ್ಟು ಹೊತ್ತಿಗೆ ಮುಂಬಯಿಯ ಪಾಳೆಯಗಳು ಚದುರಿದ್ದವು. ‘ಸಂಗಂ’ (1964) ಚಿತ್ರದ ಒಂದು ಹಾಡು ತನ್ನದೆಂದು ಜೈಕಿಶನ್ ಬಹಿರಂಗವಾಗಿ ಹೇಳಿದ್ದರಿಂದ ಜೋಡಿಯೊಳಗೇ ಬಿರುಕು ಮೂಡಿತ್ತು. ಯಾವ ಹಾಡು ಯಾರದೆಂದು ಹೇಳಬಾರದೆಂಬುದು ಅವರಿಬ್ಬರ ಹಳೆಯ ಒಪ್ಪಂದ. 1971ರ ಸೆಪ್ಟೆಂಬರಿನಲ್ಲಿ ಜೈಕಿಶನ್ ತೀರಿಕೊಂಡರು. ಶಂಕರ್ ಜಂಟಿ ಹೆಸರಿನಲ್ಲೇ ಕೆಲಸ ಮುಂದುವರಿಸಿ 1987ರ ಏಪ್ರಿಲ್‌ನಲ್ಲಿ ಕಣ್ಣು ಮುಚ್ಚಿದರು. ನೌಷಾದ್ 2006ರವರೆಗೂ, ನಯ್ಯರ್ 2007ರವರೆಗೂ ಬಾಳಿದರು.

1977ರಲ್ಲಿ ‘ಅಮರ್ ಅಕ್ಬರ್ ಆ್ಯಂಟನಿ’ ಚಿತ್ರಕ್ಕೆ ಸಂಗೀತ ನೀಡಿದ ಲಕ್ಷ್ಮೀಕಾಂತ್-ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲ್ ತಮ್ಮ ಪಿಟೀಲು ಮೇಷ್ಟ್ರ ಹೆಸರನ್ನು ಒಂದು ಹಾಡಿನ ಪಲ್ಲವಿಗೆ ತಂದರು. ಆ ಹೆಸರು ಹಿಂದಿ ಬಲ್ಲ ಪ್ರತಿ ಊರಿಗೂ ತಲುಪಿತು, ಮದುವೆಯ ಬಾಜಾಕ್ಕೂ ಹತ್ತಿತು. ಅದು ನಿಜವಾದ ಮನುಷ್ಯನೊಬ್ಬನ ಹೆಸರೆಂದು ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಆ್ಯಂಟನಿ ಗೊನ್ಸಾಲ್ವಿಸ್ ಮಜೋರ್ಡಾದ ತಮ್ಮ ಮನೆಗೆ ಮರಳಿ, 2012ರ ಜನವರಿಯಲ್ಲಿ ನಿಧನರಾದರು.